ಜಡ್ಡಿನವರ ಹೋಟ್ಲು

ಹೋದ ತಿಂಗಳು ಯಾದಗಿರಿಯಲ್ಲಿ ನಮ್ಮ ತಂಗಿಯ ಮಗಳ ಮದುವೆ. ಉಂಡು ಕೈ ತೊಳೆಯಲು ಕಲ್ಯಾಣ ಮಂಟಪದ ಹಿಂದೆ ಹೋಗಿದ್ದೆ. ಅಡುಗೆಯವನೊಬ್ಬ ಸಣ್ಣಗೆ ಹೆಚ್ಚಿದ ಶುಂಠಿ, ಉಳ್ಳಾಗಡ್ಡಿ ತಪ್ಪಲಿನ ಮೇಲೆ ಕಾಯ್ದ ಎಣ್ಣೆ ಸುರಿದ. ಚುಂಯ್ ಅಂತು. ಆ ವಾಸನೆ... ನಲ್ಲಿ ಬಿಟ್ಟುಕೊಂಡೇ ನಿಂತುಬಿಟ್ಟೆ. ಹಿಂದಿನವರು "ಸರೀರಿ ಯಕ್ಕಾ, ಎಷ್ಟೊತ್ತು?" ಎಂದು ಗದರಿದ ಮೇಲೆ ಎಚ್ಚರವಾಯಿತು. ಆ ವಾಸನೆ ನನ್ನ ಪಾಲಿಗೆ ಸುರಪುರದಲ್ಲಿದ್ದ ಒಬ್ಬ ಮನುಷ್ಯನದು. ಅವನನ್ನು ನಾನು ಉಸ್ತಾದ ಅಂತಿದ್ದೆ.

ನನ್ನದು ಸುರಪುರದ ಗುಡ್ಡದ ಬುಡದಲ್ಲಿ ಸಣ್ಣ ಖಾನಾವಳಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ. ಉಂಡವರ ಕಣ್ಣಲ್ಲಿ ನೀರು ಬರದಿದ್ದರೆ ನನಗೆ ಸಮಾಧಾನವಿಲ್ಲ. ರಸ್ತೆಯಾಚೆ ನಿಜಾಮನ ಕಾಲದ ಕಲ್ಲಿನ ಕಟ್ಟಡ. ಮೊದಲು ಕಚೇರಿಯಾಗಿತ್ತಂತೆ, ಆಮೇಲೆ ಕಾಳಿನ ಗೋದಾಮು, ನಾನು ನೋಡಿದಾಗಿನಿಂದ ಬಾವಲಿಗಳ ಮನೆ. ಲಾಕ್‌ಡೌನ್ ಮುಗಿದ ಮರುವರ್ಷ ಅದರ ಬೀಗ ತೆಗೆಸಿದರು. ಹೋಟೆಲ್ ಆಗುತ್ತದೆ ಎಂದು ಕೇಳಿದಾಗ ನನ್ನ ಗಿರಾಕಿಗಳೆಲ್ಲ ಅತ್ತ ಹೋಗುತ್ತಾರೆಂದು ಹೆದರಿದೆ. ಚೀನಾ ಊಟದ ಹೋಟೆಲ್ ಎಂದಾಗ ನಕ್ಕುಬಿಟ್ಟೆ.

ಬಂದವನು ದೇವಾಪುರದ ಕಡೆಯವನೇ, ಕುರಿ ಸಾಕುವ ಮನೆಯ ಮಗ. ಮೀಸೆ ಮೂಡುವ ಮುಂಚೆ ಮುಂಬಯಿಗೆ ಹೋಗಿ, ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕುತ್ತ, ಅಲ್ಲಿಯ ಚೀನೀ ಮೂಲದ ಮುದುಕ ಬಾವರ್ಚಿಯ ಕೈಕೆಳಗೆ ಪಳಗಿದ್ದ. ಆ ಮುದುಕರ ಹಿರಿಯರು ಚೀನಾದ ದಕ್ಷಿಣಕ್ಕಿರುವ ಕ್ಯಾಂಟನ್ ಸೀಮೆಯವರು. ಅಲ್ಲಿಯ ಅಡುಗೆಯಲ್ಲಿ ಖಾರ ಮಸಾಲೆ ಕಡಿಮೆ, ಹಬೆಯಲ್ಲಿ ಬೇಯಿಸುವುದೇ ಹೆಚ್ಚು. ಮೀನು ತಿಂದರೆ ಮೀನಿನ ರುಚಿ ಗೊತ್ತಾಗಬೇಕು, ಕುರಿ ತಿಂದರೆ ಕುರಿಯದು. ಇದನ್ನು ನಮ್ಮ ನೆಲದ ಸಾಮಾನಿನಲ್ಲಿ ಹೊಸದಾಗಿ ಮಾಡಿ ತೋರಿಸುವುದು ಅವನ ಹಟ. ನಮ್ಮ ಮರಿಯ ಮಾಂಸ, ಶುಂಠಿ, ಉಳ್ಳಾಗಡ್ಡಿ ತಪ್ಪಲು ಇಟ್ಟು ಕಾಯ್ದ ಎಣ್ಣೆ ಸುರಿದ ಕೃಷ್ಣೆಯ ಮೀನು, ಪುಂಡಿಯ ಹುಳಿ, ನವಣೆಯ ಗಂಜಿ. ಹಬೆಯ ಬುಟ್ಟಿಗಳನ್ನು ಶಹಾಪುರದ ಮೇದಾರರ ಮುಂದೆ ಕೂತು ಹೆಣೆಸಿಕೊಂಡು ಬಂದಿದ್ದ.

ಕಟ್ಟಡವನ್ನು ಮಾತ್ರ ಚಂದ ಮಾಡಿದ. ಗೋಡೆಯ ಹಳೇ ಗಚ್ಚನ್ನು ಕೆರೆಸಲಿಲ್ಲ, ಸುಣ್ಣ ಬಳಿಸಿದ. ಸಾಗವಾನಿ ತೊಲೆಗಳಿಗೆ ಎಣ್ಣೆ ಹಚ್ಚಿಸಿದ. ಚೀನಾ ಹೋಟೆಲ್ ಅಂದರೆ ಇರುವ ಕೆಂಪು ಕಂದೀಲು, ಬಾಯಿ ತೆರೆದ ಹಾವಿನ ಚಿತ್ರ ಏನೂ ಇಲ್ಲ. ಕಮಾನಿನ ಕೆಳಗೆ ನಾಲ್ಕಾರು ಮೇಜು, ಬಿಳಿ ಬಟ್ಟಲು, ಮುಗಿಯಿತು. ಬೇಸಿಗೆಯಲ್ಲೂ ಒಳಗೆ ಹೋದರೆ ಮೈ ತಣ್ಣಗಾಗುತ್ತಿತ್ತು. ನಾನು ಏನೋ ನೆಪ ಮಾಡಿಕೊಂಡು ದಿನಾ ಒಮ್ಮೆ ಹೋಗಿ ನಿಂತು ಬರುತ್ತಿದ್ದೆ.

ತೆರೆದ ದಿನ ಅವನ ಅಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು ದೇವಾಪುರದಿಂದ ಬಂದರು. ಮಗ ಅವರನ್ನು ಮೊದಲ ಮೇಜಿಗೆ ಕೂಡಿಸಿ, ನವಣೆ ಗಂಜಿಯ ಬಟ್ಟಲು ಮುಂದಿಟ್ಟ. ಹಾಲಿನಂಥ ಗಂಜಿ, ಮೇಲೆ ಎಳೆ ಮಾಂಸದ ಎಳೆಗಳು, ಶುಂಠಿ. ಮುದುಕರು ಬಟ್ಟಲು ನೋಡಿದರು, ಮಗನ ಮುಖ ನೋಡಿದರು.

"ಯಾರಿಗಿ ಜಡ್ಡ ಬಂದೈತೋ ತಮ್ಮಾ?"

ಇಡೀ ಹೋಟೆಲ್ಲು ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ನಮ್ಮ ಕಡೆ ಗಂಜಿ ಕುಡಿಯುವವರು ಕಾಯಿಲೆ ಬಿದ್ದವರು, ಇಲ್ಲವೇ ಬಾಣಂತಿಯರು. ಖಾರವಿಲ್ಲದ ಊಟ ಅಂದರೆ ಡಾಕ್ಟರು ಹೇಳಿದ ಪಥ್ಯ. ಸಂಜೆಯಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿ, ಅವನು ಫಲಕಕ್ಕೆ ಬರೆಸಿದ ಹೆಸರು ಫಲಕದಲ್ಲೇ ಉಳಿಯಿತು. ಜನರ ಬಾಯಲ್ಲಿ ಅದು ಜಡ್ಡಿನವರ ಹೋಟ್ಲು.

ನಾನೇನು ಕಡಿಮೆ? ಅವನು ಯಾವುದೇ ಹೊಸ ಅಡುಗೆ ಮಾಡಿದರೂ ಒಂದು ಬಟ್ಟಲು ಹಿಡಿದು ರಸ್ತೆ ದಾಟಿ ನನ್ನ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದ. ನಾನು ಒಂದು ಚಮಚ ಬಾಯಿಗೆ ಹಾಕಿ, "ಸಪ್ಪಗೈತಿ" ಅನ್ನುತ್ತಿದ್ದೆ. ಒಂದು ದಿನವೂ ಬೇರೆ ಮಾತು ಆಡಲಿಲ್ಲ. "ಅಕ್ಕಾರ, ನಿಮ್ಮ ನಾಲಿಗಿ ಸುಟ್ಟು ಕರಕಲಾಗೈತ್ರಿ," ಅಂದು ಬಟ್ಟಲು ಕಸಿದುಕೊಂಡು ಹೋಗುತ್ತಿದ್ದ. ಮಧ್ಯಾಹ್ನ ತನ್ನ ಗಿರಾಕಿಗಳು ಎದ್ದ ಮೇಲೆ ನನ್ನಲ್ಲಿಗೇ ಊಟಕ್ಕೆ ಬಂದು, ರೊಟ್ಟಿಯ ಮೇಲೆ ಗುಡ್ಡೆ ಖಾರ ಹಾಕಿಸಿಕೊಂಡು, ಎಣ್ಣೆ ಬಿಟ್ಟುಕೊಂಡು, ಸೊರ್ ಸೊರ್ ಎನ್ನುತ್ತ ಉಣ್ಣುತ್ತಿದ್ದ. ಚೀನಾ ಉಸ್ತಾದನ ಹೊಟ್ಟೆ ತುಂಬುತ್ತಿದ್ದುದು ನನ್ನ ಖಾರದಲ್ಲಿ. ಇದು ನನಗೆ ದೊಡ್ಡ ಜಂಬ.

ಒಂದೇ ಒಂದು ವಿಷಯಕ್ಕೆ ಅವನನ್ನು ಬೈಯುತ್ತಿದ್ದೆ. ಗುಟಕಾ. ಮುಂಬಯಿಯ ಅಡುಗೆಮನೆಯಲ್ಲಿ ಹಗಲೆಲ್ಲ ನಿಂತು ಕೆಲಸ ಮಾಡುವಾಗ ಅಂಟಿಸಿಕೊಂಡ ಚಟ. ಎಡಗೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಸಾರಿನ ರುಚಿ ನೋಡುವ ಮುಂಚೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದ, ದೇವರ ಮನೆಗೆ ಹೋಗುವವರ ಹಾಗೆ. ಅಷ್ಟು ಸೂಕ್ಷ್ಮದ ನಾಲಿಗೆ, ಅದಕ್ಕೆ ದಿನವಿಡೀ ಆ ಹೊಲಸು... ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಹೋಟೆಲ್ಲು ಬಹಳ ದಿನ ಖಾಲಿಯೇ ಇತ್ತು. ಬಂದವರು ಗೋಬಿ ಮಂಚೂರಿ ಕೇಳುತ್ತಿದ್ದರು, ಇಲ್ಲ ಅಂದರೆ ಎದ್ದು ಹೋಗುತ್ತಿದ್ದರು. ಆಸ್ಪತ್ರೆಯಿಂದ ಡಬ್ಬಿ ಹಿಡಿದುಕೊಂಡು ಗಂಜಿಗೆ ಬರುವವರೇ ಹೆಚ್ಚು. ಅವನಿಗೆ ಅದು ಚುಚ್ಚುತ್ತಿತ್ತು, ಆದರೂ ಡಬ್ಬಿ ತುಂಬಿ ಕೊಡುತ್ತಿದ್ದ. ಅವನ ಕೈ ಹಿಡಿದದ್ದು ನಾಗರಪಂಚಮಿ. ಆ ದಿನ ನಮ್ಮಲ್ಲಿ ಒಲೆಗೆ ಹೆಂಚು ಇಡುವುದಿಲ್ಲ, ಹೆಚ್ಚುವುದಿಲ್ಲ, ಕರಿಯುವುದಿಲ್ಲ; ನಾಗಪ್ಪನಿಗೆ ನೋವಾಗುತ್ತದೆ. ಕಡುಬು ಕಟ್ಟಿ ಹಬೆಯಲ್ಲಿ ಬೇಯಿಸುತ್ತೇವೆ. ಇದನ್ನು ನಾನು ಯಾವುದೋ ಮಾತಿಗೆ ಹೇಳಿದಾಗ ಅವನು ನೆನಪು ಮಾಡಿಕೊಂಡವನ ಹಾಗೆ ಹಣೆ ಬಡಿದುಕೊಂಡ. "ನಮ್ಮವ್ವನೂ ಹಂಗಽ ಮಾಡ್ತಿದ್ಳು ಅಕ್ಕಾರ! ಹಂಗಾದ್ರ ನನ್ನ ಅಡಗಿಮನ್ಯಾಗ ದಿನಾ ಪಂಚಮಿನಽ." ಎಳ್ಳು, ಬೆಲ್ಲ ತುಂಬಿ ತೆಳ್ಳಗೆ, ಒಳಗಿನದು ಕಾಣುವ ಹಾಗೆ ಕಡುಬು ಮಾಡಿದ. ಬುಟ್ಟಿ ಬುಟ್ಟಿ ಹೋಯಿತು. ಜೋಕಾಲಿ ಆಡಿ ಬಂದ ಹೆಣ್ಣುಮಕ್ಕಳು ಕಮಾನಿನ ಕೆಳಗೆ ತುಂಬಿಕೊಂಡರು. ಆ ಮೇಲೆ ಭಾನುವಾರ ಶಹಾಪುರದಿಂದ ಸಂಸಾರಗಳು ಬರತೊಡಗಿದವು, ಕಡೇಚೂರಿನ ಕಾರ್ಖಾನೆಗಳಿಂದ ಕಾರು ಬರತೊಡಗಿದವು.

ಅದೇ ಸುಮಾರಿಗೆ ಅವನು ನನ್ನ ಖಾನಾವಳಿಯಲ್ಲಿ ಖಾರ ಬಿಟ್ಟ. "ಮೊಸರು ಹಾಕ್ರಿ ಅಕ್ಕಾರ. ನನ್ನ ನಾಲಿಗಿ ಪೂರಾ ಚೀನಾದ್ದ ಆಗೈತಿ," ಅಂದ. ಉಣ್ಣುತ್ತಿದ್ದವರೆಲ್ಲ ನಕ್ಕರು. ಮಾತು ಚೆನ್ನಾಗಿತ್ತು, ಯಾರೂ ಎರಡನೇ ಸಲ ಯೋಚಿಸಲಿಲ್ಲ. ಎಷ್ಟೋ ದಿನ ಕಳೆದ ಮೇಲೆ, ಅವನು ಕುಡಿದಿಟ್ಟ ಮಜ್ಜಿಗೆ ಲೋಟದ ಅಂಚಿನಲ್ಲಿ ರಕ್ತ ಕಂಡೆ.

"ಬಾಯಿ ತಗಿ," ಅಂದೆ.

ತೆಗೆಯಲು ನೋಡಿದ. ಎರಡು ಬೆರಳು ಹೋಗುವಷ್ಟೂ ಬಾಯಿ ಬಿಡಲಿಲ್ಲ. ನಾಲಿಗೆಯ ಪಕ್ಕದಲ್ಲಿ ಬೆಳ್ಳಗೆ, ನಡುವೆ ಕೆಂಪಗೆ ಹುಣ್ಣು. ಆಗ ಹೇಳಿದ, ಹೈದರಾಬಾದಿಗೆ ಹೋಗಿ ತೋರಿಸಿಕೊಂಡು ಬಂದು ಆಗಲೇ ಬಹಳ ದಿನವಾಗಿದೆಯೆಂದು. ಕ್ಯಾನ್ಸರ್. ನಾಲಿಗೆಯ ದೊಡ್ಡ ಪಾಲು ಕತ್ತರಿಸಿ ತೆಗೆಯಬೇಕು, ಈಗಲೇ ಬಂದರೆ ಜೀವ ಉಳಿಯಬಹುದು ಅಂದಿದ್ದರಂತೆ. ಇವನು, ಹೋಟೆಲ್ಲು ಈಗ ಕುದುರಿಕೊಂಡಿದೆ, ದೀಪಾವಳಿ ಮುಗಿಯಲಿ ಎಂದು ಬಂದುಬಿಟ್ಟಿದ್ದಾನೆ.

"ಹುಚ್ಚ ಹಿಡದೈತೇನು? ಜೀವಾ ಮೊದಲ, ಹೋಟ್ಲಾ ಆಮ್ಯಾಲ!"

"ನಾಲಿಗಿ ಹ್ವಾದ ಮ್ಯಾಲ ನಾ ಏನ್ ಮಾಡ್ಲಿ ಅಕ್ಕಾರ? ರೊಟ್ಟಿ ಬಡೀಲೇನು?"

"ಬಡಿ. ನಾ ಬಡಿಯಾಕತ್ತಿಲ್ಲೇನು?"

ನಾನು ಕೂಗಾಡಿದೆ, ಅತ್ತುಬಿಟ್ಟೆ, ದೇವಾಪುರಕ್ಕೆ ಹೋಗಿ ಅವನ ಅಪ್ಪನಿಗೆ ಹೇಳಿದೆ. ದೀಪಾವಳಿ ಮುಗಿಯಿತು. ಸಂಕ್ರಾಂತಿಯೂ ಮುಗಿಯಿತು. ಆ ದಿನಗಳಲ್ಲಿ ಅವನು ಮಾಡಿದ ಅಡುಗೆಯಂಥದ್ದನ್ನು ನಾನು ಮತ್ತೆ ತಿಂದಿಲ್ಲ... ಉಳಿದಿರುವ ರುಚಿಯನ್ನೆಲ್ಲ ಗೋರಿ ಗೋರಿ ಬಟ್ಟಲಿಗೆ ಹಾಕುತ್ತಿದ್ದ. ನಾನು ಆಗಲೂ "ಸಪ್ಪಗೈತಿ" ಅನ್ನುತ್ತಿದ್ದೆ. ಅವನಿಗೆ ಅದೇ ಬೇಕಾಗಿತ್ತು. ಕೊನೆಗೆ ನೋವು ತಡೆಯಲಾಗದೆ ಅಪ್ಪನ ಜೊತೆ ಹೈದರಾಬಾದಿನ ಗಾಡಿ ಹತ್ತಿದ.

ತಿರುಗಿ ಬಂದಾಗ ಮುಖ ಒಂದು ಕಡೆಗೆ ಎಳೆದುಕೊಂಡಿತ್ತು. ಮಾತು ಹೋಗಿತ್ತು. ಕತ್ತರಿಸಿ ಉಳಿಸಿದ್ದ ಚೂರು ನಾಲಿಗೆಯ ರುಚಿಯನ್ನು ಕರೆಂಟಿನ ಚಿಕಿತ್ಸೆ, ಅಂದರೆ ರೇಡಿಯೇಶನ್, ಸುಟ್ಟಿತ್ತು. ಕೆಲಸದವರು ಬೇರೆ ಊರು ಹಿಡಿದಿದ್ದರು. ಆದರೂ ಒಂದು ಬೆಳಿಗ್ಗೆ ಎದುರಿನ ಬಾಗಿಲು ತೆರೆಯಿತು, ಹೊಗೆ ಕಂಡಿತು. ಮಧ್ಯಾಹ್ನ ಬಿಳಿ ಬಟ್ಟಲಲ್ಲಿ ಮರಿಯ ಸಾರು ಹಿಡಿದು, ಮೊದಲಿನ ಹಾಗೆಯೇ ರಸ್ತೆ ದಾಟಿ ಬಂದ.

ಬಣ್ಣ ಅದೇ, ವಾಸನೆ ಅದೇ. ಬಾಯಿಗೆ ಹಾಕಿದೆ. ಉಪ್ಪು! ಒಮ್ಮೆ ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದ್ದಾನೆ, ಅದೂ ಕೈತುಂಬ. ಕಹಿಯಾಗುವಷ್ಟು ಉಪ್ಪು. ಮೂರಾಬಟ್ಟೆಯಾದ ಆ ಮುಖದಲ್ಲಿ ಎರಡೂ ಕಣ್ಣು ನನ್ನನ್ನೇ ನೋಡುತ್ತಿದ್ದವು. ನಾನು ನುಂಗಿದೆ. ಅವನಿಗೆ ಧೈರ್ಯ ಬರಲಿ ಎಂದು ನಗುತ್ತ ಹೇಳಿದೆ:

"ಛಲೋ ಐತಿ ಉಸ್ತಾದ. ಭಾಳ ಛಲೋ ಐತಿ."

ನಾನು ಏನಂದೆ ಎನ್ನುವುದು ನನಗೆ ಹೊಳೆಯುವ ಮುಂಚೆ ಅವನಿಗೆ ತಿಳಿದಿತ್ತು. ಬಟ್ಟಲನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, ಮೋರಿಯ ಹತ್ತಿರ ಹೋಗಿ ಬಗ್ಗಿ ಚೆಲ್ಲಿದ. ರಸ್ತೆ ದಾಟಿ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿದ. ಮತ್ತೆ ಅದನ್ನು ಅವನು ತೆಗೆಯಲಿಲ್ಲ.

ಆಮೇಲೆ ಅವನು ಬದುಕಿದ್ದುದು ಗಂಜಿಯ ಮೇಲೆ. ನಮ್ಮ ಖಾನಾವಳಿಯ ಹಿಂದಿನ ಕೋಣೆಯಲ್ಲೇ ಇರಿಸಿಕೊಂಡೆ. ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ನವಣೆ ಎಷ್ಟು ನೆನೆಯಬೇಕು, ಉರಿ ಎಷ್ಟಿರಬೇಕು, ಎಲ್ಲ ಕೈಸನ್ನೆಯಲ್ಲಿ ಕಲಿಸಿದ. ಸೌಟಿನಿಂದ ಗಂಜಿ ಇಳಿಯುವ ಬಗೆ ನೋಡಿ ಸಾಕು, ಬೇಡ ಎಂದು ತಲೆಯಾಡಿಸುತ್ತಿದ್ದ. ಉಪ್ಪಿನ ಹೊತ್ತಿಗೆ ಮಾತ್ರ ಮುಖ ಆಚೆ ತಿರುಗಿಸಿಬಿಡುತ್ತಿದ್ದ. ರೋಗ ಮರಳಿ, ಕುತ್ತಿಗೆಯಲ್ಲಿ ಗಂಟುಗಳು ಎದ್ದವು. ಮರುವರ್ಷದ ಯುಗಾದಿಯ ಮುಂಚೆ ಅವನ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ಅಲ್ಲೇ ತೀರಿಕೊಂಡ; ಮಣ್ಣಿಗೆ ನಾನೂ ಹೋಗಿದ್ದೆ.

ಎದುರಿನ ಕಟ್ಟಡದಲ್ಲಿ ಈಗ ಪ್ಲೈವುಡ್ಡು ಪೇರಿಸಿದ್ದಾರೆ. ಆಸ್ಪತ್ರೆಯಿಂದ ಜನ ಇನ್ನೂ ಡಬ್ಬಿ ಹಿಡಿದುಕೊಂಡು ಬರುತ್ತಾರೆ, ಬೀಗ ನೋಡಿ ನನ್ನ ಕಡೆ ತಿರುಗುತ್ತಾರೆ. ಇಲ್ಲ ಅನ್ನಲು ಬಾಯಿ ಬರುವುದಿಲ್ಲ, ಮಾಡಿ ಕೊಡುತ್ತೇನೆ. ನೆನೆಸುವುದು, ಉರಿ, ಹದ ಎಲ್ಲ ಅವನು ತೋರಿಸಿದ ಹಾಗೆಯೇ. ಆದರೆ ಅವನ ಗಂಜಿಯ ರುಚಿ ಇದೇನಾ ಎಂದು ಖಾರಕ್ಕೆ ಸುಟ್ಟ ನನ್ನ ನಾಲಿಗೆಗೆ ಇವತ್ತಿಗೂ ಗೊತ್ತಿಲ್ಲ. ನಾನು ಕಲಿಯುವ ಹೊತ್ತಿಗೆ ಅದನ್ನು ಹೇಳಲು ಅವನ ಬಾಯಲ್ಲಿ ನಾಲಿಗೆ ಇರಲಿಲ್ಲ.