ಎಡೆಯ ಬಾಟ್ಲಿ

ಕುಡಿತ ಬಿಡಿಸೋ ಆಸ್ಪತ್ರೆಯಿಂದ ಬಂದು ಏಳು ತಿಂಗಳಾಗಿತ್ತು. ಬಸವಕಲ್ಯಾಣದಿಂದ ಮುಡಬಿಗೆ ಆಟೋ ಹೊಡೀತಿದ್ದೆ. ದಾರಿಯಲ್ಲಿ ದಾರು ಅಂಗಡಿ ಬಂದರೆ ಎದುರಿನ ಬೇವಿನಮರ ನೋಡಿಕೊಂಡು ದಾಟಿಬಿಡೋದು, ಅದೇ ನನ್ನ ಪಥ್ಯ.

ಒಂದು ಮುಂಜಾನೆ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಅದೇ ಅಂಗಡಿ ಮುಂದೆ ಆಟೋ ನಿಲ್ಲಿಸಿದಳು.

"ಅಣ್ಣಾ, ಗಂಡ ತೀರಿ ಇವತ್ತಿಗಿ ಮೂರು ದಿನ. ಅವರಿಗಿ ಸೇರತಿದ್ದದ್ದು ಗೋರಿ ಮ್ಯಾಲ ಎಡೆ ಇಡಬೇಕಂತಾರ. ನಾ ಹೆಣ್ಣಮಗಳು ದಾರು ಅಂಗಡ್ಯಾಗ ಹ್ಯಾಂಗ ನಿಂದರಲಿ? ನೀವೇ ಒಂದ್ ಬಾಟ್ಲಿ ತಂದ್ ಕೊಡ್ರಿ."

"ಯಾವುದು ಕುಡೀತಿದ್ರು, ತಂಗಿ?"

"ಹೆಸರ ಯಾರಿಗಿ ಗೊತ್ರಿ? ನೋಡಿದ್ರ ಗುರ್ತ ಹಿಡೀತೀನಿ."

ಒಲ್ಲೆ ಅನ್ನೋಕೆ ಬಾಯಿ ಬರಲಿಲ್ಲ. ಹೋದೆ. ಅಂಗಡಿಯವನು ನನ್ನನ್ನು ನೋಡಿದ್ದೇ ತಡ, ಕೇಳದೇ ನನ್ನ ಹಳೇ ಬಾಟ್ಲಿ ತೆಗೆದಿಟ್ಟ.

"ನನಗಲ್ಲಪ್ಪ, ಸತ್ತವರಿಗಿ," ಅಂದೆ.

"ಎಲ್ಲಾರೂ ಏನೋ ಒಂದ್ ಹೇಳ್ತಾರ, ಬಿಡ್ರಿ," ಅಂತ ನಕ್ಕ.

ಅದನ್ನೇ ತಂದು ಕೊಟ್ಟೆ. ಅವಳು ತಿರುಗಿಸಿ ನೋಡಿದಳು.

"ಹೌದ್ರಿ, ಇದೇ. ನಿಮಗ ಹ್ಯಾಂಗ ಗೊತ್ತಾತು?"

ಆಟೋ ಚಾಲೂ ಮಾಡಿದೆ. ನನ್ನ ಎಡೆ ನಾನೇ ತಂದಿದ್ದೆ. ಗೋರಿ ಮಾತ್ರ ಬೇರೆಯವನದಿತ್ತು.