ಹಾಡು ಎತ್ತಿಕೊಡುವ ಮನೆ

ಒಂದು ಇಡೀ ಸಭೆಯ ಮೇಲೆ ನಾನು ತಿಂಗಳುಗಟ್ಟಲೆ ಸಿಟ್ಟು ಮಾಡಿಕೊಂಡಿದ್ದೆ. (ಅವರಿಗೆ ಅದು ಗೊತ್ತೇ ಇರಲಿಲ್ಲ, ಆ ಮಾತು ಬೇರೆ.)

ಕಾರಣ ಒಂದು ಹಾಡು.

ಈ ಅಂಕಣ ಓದುವ ಹಲವರಿಗೆ ನನ್ನ ಯಜಮಾನರು ಜಯಂತಿಭಾಯಿ ಗೊತ್ತು. ನಾನು ಬೀದರ್ ಕಡೆಯ ಮೆಥೋಡಿಸ್ಟ್ ಮನೆಯವಳು, ನರ್ಸ್ ಕೆಲಸಕ್ಕೆಂದು ವಡೋದರಾಕ್ಕೆ ಬಂದೆ. ಅವರು ಪಾದ್ರಾ ರಸ್ತೆಯ ಒಂದು ಹಳ್ಳಿಯ ಮೆಥೋಡಿಸ್ಟ್ ಮನೆಯವರು. ಅವರಿಗೆ ಕನ್ನಡ ಬಾರದು, ನನಗೆ ಗುಜರಾತಿ ಬಾರದು. ಹಿಂದಿಯಲ್ಲಿ ಸಂಸಾರ ಶುರು ಮಾಡಿದೆವು, ಗುಜರಾತಿ ನನಗೆ ಆಮೇಲೆ ಬಂತು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅದರ ಬಗ್ಗೆ ಇಲ್ಲಿ ಬರೆದಿರಲಿಲ್ಲ. ಈಗಲೂ ಹೆಚ್ಚು ಬರೆಯಲಾರೆ.

ಅವರ ಹಳ್ಳಿಯ ಚರ್ಚು ಚಿಕ್ಕದು. ಇಟ್ಟಿಗೆ ಗೋಡೆ, ನಾಡಹೆಂಚು. ಚಪ್ಪಲಿ ಹೊರಗೆ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ಎಲ್ಲರೂ ಚಾಪೆಯ ಮೇಲೆ. ಆರಾಧನೆ ಎಷ್ಟು ಗಂಟೆಗೆ? ಡೇರಿಗೆ ಹಾಲು ಹಾಕಿ ಬಂದ ಮೇಲೆ. ಬೋರ್ಡಿನಲ್ಲಿ ಬೇರೆ ಸಮಯ ಬರೆದಿದೆ. ವರ್ಗವಾಗಿ ಬಂದ ಹೊಸ ಪಾಸ್ಟರ್ ಮಾತ್ರ ಅದನ್ನು ನಂಬುತ್ತಾರೆ, ಒಂದೆರಡು ವಾರ.

ಆ ಸಭೆಗೆ ಅದರದೇ ಒಂದು ಭಜನೆ ಇದೆ. ‘ಹೊಸ ಬಟ್ಟೆ ನೇಯಲು ಕೂತವನೇ, ನನ್ನ ಹರಿದ ಎಳೆಯನ್ನೂ ಸೇರಿಸಿಕೋ’ ಎಂದು ಅದರ ಅರ್ಥ. ಯಾವ ಹಾಡಿನ ಪುಸ್ತಕದಲ್ಲೂ ಇಲ್ಲ. ಪ್ರತಿ ಭಾನುವಾರ ಜಯಂತಿಭಾಯಿ ಮೊದಲ ಸಾಲು ಎತ್ತಿಕೊಡುತ್ತಿದ್ದರು, ಢೋಲಕ್ ಹಿಡಿದುಕೊಳ್ಳುತ್ತಿತ್ತು, ಸಭೆ ಹಿಂದೆ ಹೋಗುತ್ತಿತ್ತು.

ಅವರು ಹೋದ ಮೇಲೂ ನಾನು ಛಕಡೋ ರಿಕ್ಷಾ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಆ ಹಾಡಿಗಾಗಿಯೇ. ಆದರೆ ಯಾರೂ ಹಾಡಲಿಲ್ಲ. ಒಂದು ವಾರವೂ ಇಲ್ಲ. ಇಷ್ಟು ಬೇಗ ಮರೆತರಾ? ಒಬ್ಬ ಮನುಷ್ಯನನ್ನು ಮಣ್ಣಿಗಿಟ್ಟು ಬಂದರೆ ಅವನ ಹಾಡನ್ನೂ ಇಟ್ಟು ಬರುವುದಾ?

ಸೂರತ್‌ನಲ್ಲಿ ಸೀರೆ ಅಂಗಡಿಯ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ನೀಲುಗೆ ಫೋನಿನಲ್ಲಿ ಹೇಳಿಕೊಂಡೆ. ಅವಳ ಕನ್ನಡ ಅಷ್ಟಕ್ಕಷ್ಟೆ.

“ಮಮ್ಮಿ, ಪೂಛೋ ನಾ ಅವರಿಗೆ! ಯಾಕೆ ಹಾಡೋದಿಲ್ಲ ಅಂತ.”

“ನಾ ಯಾಕ ಕೇಳ್ಲಿ? ಮರ್ತವ್ರಿಗೆ ನೆನಪು ಮಾಡಿಕೊಡೋದು ನನ್ನ ಕೆಲಸೇನು?”

“ತೋ ಫಿರ್ ಸಿಟಿ ಚರ್ಚಿಗೆ ಹೋಗು. ಅಲ್ಲಿ ಕುರ್ಚಿ ಇದೆ, ಫ್ಯಾನ್ ಇದೆ, ನಿನ್ನ ಮೊಣಕಾಲಿಗೂ ಒಳ್ಳೇದು.”

ನಿಜ ಹೇಳಬೇಕೆಂದರೆ, ಹೋಗುವುದೆಂದು ತೀರ್ಮಾನಿಸಿಯೂ ಇದ್ದೆ.

ಅಷ್ಟರಲ್ಲಿ ಚರ್ಚು ಕಟ್ಟಿದ ದಿನದ ಹಬ್ಬ ಹತ್ತಿರ ಬಂತು. ಅದರ ಹಿಂದಿನ ಭಾನುವಾರ ಪಾಸ್ಟರ್ (ಹೊಸಬರು, ಹುಡುಗುಮುಖದವರು) ಉತ್ಸಾಹದಿಂದ ಹೇಳಿದರು: “ಈ ಸಲ ಕೀಬೋರ್ಡ್ ತಂದಿದ್ದೇನೆ. ಹಬ್ಬಕ್ಕೆ ಒಂದು ಹೊಸ ಹಾಡು ಕಲಿಯೋಣವೇ?” ಹೆಂಗಸರೆಲ್ಲ ತಿರುಗಿ ನನ್ನ ಮುಖ ನೋಡಿದರು. ನನಗೆ ಮೈ ಉರಿಯಿತು.

ಹೊರಗೆ ಬಂದವಳೇ ಮಣಿ ಫೋಈಯನ್ನು ಹಿಡಿದೆ. ಫೋಈ ಎಂದರೆ ಸೋದರತ್ತೆ. ಜಯಂತಿಭಾಯಿಯ ತಂದೆಯ ತಂಗಿ, ಆ ಮನೆಯ ಹಿರಿಯಳು.

“ಫೋಈ, ನಿಮ್ಮ ಜಯಂತೀನ ಇಷ್ಟು ಬೇಗ ಮರೆತುಬಿಟ್ಟಿರಾ?”

ಚಪ್ಪಲಿಗೆ ತೂರಿಸುತ್ತಿದ್ದ ಕಾಲು ಅಲ್ಲೇ ನಿಂತಿತು. “ಏನಂದಿ ವಹು?” (ವಹು ಎಂದರೆ ಸೊಸೆ.)

“ಅವರ ಹಾಡು ಯಾಕೆ ಹಾಡ್ತಿಲ್ಲ?”

“ನಾವು ಹಾಡೋದಾ? ನೀನು ಎತ್ತಿಕೊಡದೆ?” ಫೋಈ ಮೆಟ್ಟಿಲ ಮೇಲೆ ಕೂತೇಬಿಟ್ಟರು. “ಅಯ್ಯೋ ಹುಚ್ಚಿ! ಇಷ್ಟು ದಿನದಿಂದ ನಿನ್ನ ಬಾಯಿ ನೋಡ್ತಾ ಕೂತಿದೀವಿ. ಮೊನ್ನೆ ನೀನು ಕೆಮ್ಮಿದ್ದಕ್ಕೆ ಢೋಲಕ್‌ನವನು ಕೈ ಎತ್ತೇಬಿಟ್ಟಿದ್ದ!”

ಆ ಸಭೆಯಲ್ಲಿ ಹಾಡುಗಳಿಗೆ ಮನೆಗಳಿವೆಯಂತೆ. ಎತ್ತಿಕೊಡುವವರು ತೀರಿಕೊಂಡರೆ ಹಾಡು ಸುಮ್ಮನಾಗುತ್ತದೆ. ಆ ಮನೆಯಲ್ಲಿ ಅವರ ಹೆಂಡತಿಯೋ ಮಕ್ಕಳೋ ಮೊಮ್ಮಕ್ಕಳೋ ಒಂದು ದಿನ ಬಾಯಿ ತೆರೆಯುವವರೆಗೆ ಬೇರೆ ಯಾರೂ, ಫೋಈಯಂಥ ಹಿರಿಯರೂ, ಅದನ್ನು ಮುಟ್ಟುವುದಿಲ್ಲ.

“ಮೊದಲೇ ಹೇಳಬಾರದಿತ್ತಾ?”

“ಹ್ಯಾಗೆ ಹೇಳೋದು? ದುಃಖ ಸಾಕು ಮಾಡು ಅಂತ ಯಾವ ಬಾಯಲ್ಲಿ ಹೇಳೋದು? ಜಯಂತಿ ಹೇಳಿರ್ತಾನೆ ಅಂದ್ಕೊಂಡೆ.”

“ಅವರು ಹೇಳಲಿಲ್ಲ.”

“ಹೌದು ಬಿಡು. ನಿನಗಿಂತ ಮುಂಚೆ ಹೋಗ್ತೀನಿ ಅಂತ ಯಾವ ಗಂಡಸು ಅಂದ್ಕೊಂಡಿರ್ತಾನೆ?”

ನಾನು ಎತ್ತದೇ ಹೋದರೆ ಎಂದು ಕೇಳಿದೆ.

“ಹೋಯ್ತು, ಅಷ್ಟೆ. ಇನ್ನೊಂದು ಹಾಡಿತ್ತು, ಬಾವಿದು. ಆ ಮನೆಯವರು ವಜ್ರ ಉಜ್ಜೋಕೆ ಸೂರತ್‌ಗೆ ಹೋದರು. ಮುದುಕ ಸತ್ತಾಗ ಯಾರೂ ಎತ್ತಲಿಲ್ಲ. ನನಗೆ ಮೊದಲ ಸಾಲು ಬರುತ್ತೆ.” ಚಪ್ಪಲಿಯ ಧೂಳು ಕೊಡವಿ ಸೇರಿಸಿದರು. “ಹಾಡಲ್ಲ.”

ಆಮೇಲೆ ಆ ಮೆಟ್ಟಿಲ ಮೇಲೆ ಕೂತು ಫೋಈ ಹೇಳಿದ್ದೇ ನನಗೆ ಗೊತ್ತಿರುವ ಆ ಚರ್ಚಿನ ಚರಿತ್ರೆ. ಹಳೆಯ ಬರಗಾಲ ಮುಗಿದ ಮೇಲೆ ನಾಥಾದಾದಾ ಎಂಬ ನೇಕಾರ ಬೇವಿನ ಮರದ ಕೆಳಗೆ ನಾಲ್ಕು ಮನೆಯವರನ್ನು ಕೂರಿಸಿಕೊಂಡು ಈ ಹಾಡು ಕಟ್ಟಿದ. ಮಗ್ಗದ ಲಾಳಿ ಓಡುವ ವೇಗ ಅದಕ್ಕೆ. ಇಟ್ಟಿಗೆ ಅವರೇ ಸುಟ್ಟರು. ಊರ ಬಾವಿಗೆ ಅವರನ್ನು ಸೇರಿಸುತ್ತಿರಲಿಲ್ಲ, ಹಾಗಾಗಿ ಮಣ್ಣು ಕಲಸುವ ನೀರನ್ನು ಹೆಂಗಸರು ಹೊಳೆಯಿಂದ ಹೊತ್ತು ತಂದರು. ನಾಥಾದಾದಾ ನಂತರ ಅವನ ಮಗಳು ಎತ್ತಿಕೊಟ್ಟಳು. ಅವಳು ಬೀಸುವ ಕಲ್ಲಿನ ಮುಂದೆ ಹಾಡಿ ರೂಢಿಯಾದವಳು, ಹಾಡು ನಿಧಾನವಾಯಿತು. ಅವಳ ಮಗ ಮಿಷನ್ ಶಾಲೆಯ ಮಾಸ್ತರ. ವಾರವೆಲ್ಲ ಅದೇ ಕೋಣೆಯಲ್ಲಿ ಪಾಠ, ಭಾನುವಾರ ಆರಾಧನೆ. ಅವನ ಕಾಲದಲ್ಲಿ ಸಭೆ ಅದನ್ನು ಮಗ್ಗಿ ಹೇಳಿದ ಹಾಗೆ ಹಾಡುತ್ತಿತ್ತಂತೆ! ಮಾಸ್ತರನ ಮೊಮ್ಮಗ ಜಯಂತಿಭಾಯಿ. ಅವರು ಕೊನೆಯ ಸಾಲಿಗೆ ಮೊದಲು ಒಂದು ಉಸಿರಿನಷ್ಟು ನಿಲ್ಲಿಸುತ್ತಿದ್ದರು.

“ಯಾರು ಎತ್ತುತ್ತಾರೋ ಅವರ ಹಾಗೇ ನಾವೂ ಹಾಡಬೇಕು,” ಎಂದರು ಫೋಈ. “ತಿದ್ದೋ ಹಾಗಿಲ್ಲ.”

ಮೊನ್ನೆ ಭಾನುವಾರ, ಹಬ್ಬಕ್ಕೆ, ನೀಲು ಸೂರತ್‌ನಿಂದ ಬಂದಳು. ಪ್ರಾರ್ಥನೆ ಮುಗಿಯಿತು. ಪಾಸ್ಟರ್ ಕೀಬೋರ್ಡ್ ಮುಂದೆ ಕಾದರು. ಹೊರಗೆ ಒಂದು ಎಮ್ಮೆ ಕೂಗಿತು.

ನನ್ನದು ಹಾಡುವ ಧ್ವನಿಯಲ್ಲ. ಮಲಗಿದ ರೋಗಿಗಳು ಏಳದಂತೆ ವರ್ಷಗಟ್ಟಲೆ ವಾರ್ಡಿನಲ್ಲಿ ಮಾತಾಡಿದ ಧ್ವನಿ. ಅದೇ ಧ್ವನಿಯಲ್ಲಿ, ಅಷ್ಟೇ ಮೆಲ್ಲಗೆ ಎತ್ತಿದೆ.

ಪಾಸ್ಟರ್ ನನ್ನ ಶ್ರುತಿಯನ್ನು ಕೀಬೋರ್ಡಿನಲ್ಲಿ ಹುಡುಕಿದರು. ಸಿಗಲಿಲ್ಲ, ಬಿಟ್ಟರು. ಢೋಲಕ್‌ನವನು ಬೆರಳ ತುದಿಯಿಂದ ಬಾರಿಸಿದ. ಸದಾ ಹೆಂಚು ಹಾರುವಂತೆ ಹಾಡುವ ಆ ಜನ, ಒಂದು ಇಡೀ ಚರ್ಚು, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹಾಡಿತು.

ಕೊನೆಯ ಸಾಲು ಬಂತು. ಗಾಬರಿಯಲ್ಲಿ ನಾನು ನಿಲ್ಲಿಸುವುದನ್ನು ಮರೆತು ಮುಂದೆ ಹೋದೆ. ಅವರು ಹೋಗಲಿಲ್ಲ. ತಿದ್ದುವ ಹಾಗಿಲ್ಲ ಎಂದಿದ್ದವರು, ಫೋಈ ಸಮೇತ, ಒಂದು ಉಸಿರಿನಷ್ಟು ನಿಂತರು. ಜಯಂತಿಭಾಯಿಗಾಗಿ. ನಾನೊಬ್ಬಳೇ ಮುಂದಿದ್ದೆ. ಆಮೇಲೆ ಬಂದು ನನ್ನನ್ನು ಸೇರಿಕೊಂಡರು.

ಹೊರಗೆ ಫೋಈ ಕೆನ್ನೆ ಒರೆಸಿಕೊಳ್ಳುತ್ತಲೇ ಬೈದರು. “ಇಷ್ಟು ಮೆಲ್ಲಗೆ ಹಾಡಿದ್ರೆ ದೇವರಿಗೆ ಕೇಳಿಸುತ್ತಾ? ಇರಲಿ. ಇನ್ನು ಮೇಲೆ ಹೀಗೇ.”

“ಮಮ್ಮಿ,” ನೀಲು ಮೆಲ್ಲಗೆ ಕೇಳಿದಳು, “ನೆಕ್ಸ್ಟ್ ನಾನಾ?”

“ಮೊದಲು ಪೂರ್ತಿ ಕಲಿ,” ಎಂದೆ.

ನಾವೆಲ್ಲ ಹೋದವರ ಹೆಸರಿನಲ್ಲಿ ಎದ್ದು ನಿಂತು ಮೌನ ಆಚರಿಸುತ್ತೇವೆ. ಆ ಮೌನವನ್ನು ಮುರಿಯಬೇಕಾದವರು ಯಾರು ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೇ?