ಕೈಬೀಸುವ ಕಿಟಕಿ

ರಾಟರ್‌ಡ್ಯಾಮಿನ ಆ ಕೇರಿಯಲ್ಲಿ ಹರ್ಮೀನಳಷ್ಟು ಕಾಯಿದೆಗೆ ತಲೆಬಾಗಿ ನಡೆಯುವವರು ಇನ್ನೊಬ್ಬರಿರಲಿಲ್ಲ. ಕೆಂಪು ದೀಪವಿದ್ದರೆ ನರಪಿಳ್ಳೆಯಿಲ್ಲದ ರಸ್ತೆಯನ್ನೂ ದಾಟುತ್ತಿರಲಿಲ್ಲ. ದೀಪ ಕೆಟ್ಟ ಸೈಕಲ್ ಹತ್ತುತ್ತಿರಲಿಲ್ಲ. ಯಾಕೆಂದರೆ ಪೊಲೀಸರು ಒಂದು ಸಲ ತಡೆದು ಹೆಸರು ಕೇಳಿದರೂ ಅವಳ ಕಥೆ ಮುಗಿಯುತ್ತಿತ್ತು. ಸುರಿನಾಮಿನಿಂದ ಬಂದು ವರ್ಷಗಳಾಗಿದ್ದರೂ ನೆದರ್‌ಲ್ಯಾಂಡ್ಸಿನಲ್ಲಿರಲು ಅವಳಿಗೆ ಪರವಾನಗಿ ಇರಲಿಲ್ಲ.

ಮಗಳು ನಾವೋಮಿಗೆ ಆ ತಾಪತ್ರಯವಿರಲಿಲ್ಲ. ಅವಳ ಅಪ್ಪ ರೂಬೆನ್ ಬಂದರಿನಲ್ಲಿ ಕ್ರೇನ್ ನಡೆಸುವವನು, ನೆದರ್‌ಲ್ಯಾಂಡ್ಸಿನ ಪ್ರಜೆ. ಹೀಗಾಗಿ ಮಗಳೂ ಪ್ರಜೆ. ಗಂಡಹೆಂಡಿರಂತೆ ಅವರು ಬಾಳಿದ್ದು ಸ್ವಲ್ಪ ಕಾಲ ಮಾತ್ರ. ಮಗು ಹುಟ್ಟಿದಾಗ ಹರ್ಮೀನ ಹೆದರಿ, ಅಧಿಕಾರಿಗಳು ತನ್ನ ಬಾಗಿಲಿಗೆ ಬರಬಾರದೆಂದು ಕೂಸನ್ನು ರೂಬೆನ್‌ನ ವಿಳಾಸದಲ್ಲೇ ಬರೆಸಿದಳು. ಡಾಕ್ಟರ ಬಳಿಯೂ ಶಾಲೆಯಲ್ಲೂ ಅವನದೇ ಹೆಸರು, ಅವನದೇ ಸಹಿ. ಮಗು ಉಣ್ಣುತ್ತಿದ್ದುದು, ಮಲಗುತ್ತಿದ್ದುದು, ಜ್ವರ ಬಂದರೆ ನರಳುತ್ತಿದ್ದುದು ಮಾತ್ರ ಹರ್ಮೀನಳ ಮಗ್ಗುಲಲ್ಲಿ.

ಬೆಳಿಗ್ಗೆ ಮನೆಗೆಲಸಕ್ಕೆ ಹೊರಡುವ ಮುಂಚೆ ಮಗಳನ್ನು ಶಾಲೆಯೆದುರಿನ ಕಾಲುವೆಯ ಸೇತುವೆವರೆಗೆ ಕರೆತರುತ್ತಿದ್ದಳು. ಗೇಟಿಗೆ ಹೋಗುತ್ತಿರಲಿಲ್ಲ. ಅಲ್ಲಿ ತಾಯಂದಿರು ಹೆಸರು ಕೇಳುತ್ತಾರೆ, ಕಾಫಿಗೆ ಕರೆಯುತ್ತಾರೆ. ಒಳಗೆ ಹೋದ ಮಕ್ಕಳು ತರಗತಿಯ ಕಿಟಕಿಗೆ ಬಂದು ಮನೆಯವರಿಗೆ ಕೈಬೀಸುವುದು ಅಲ್ಲಿನ ವಾಡಿಕೆ. ನಾವೋಮಿ ಮಿಕ್ಕವರ ತಲೆಗಳಾಚೆ ಸೇತುವೆಯತ್ತ ಕೈಬೀಸುತ್ತಿದ್ದಳು. ಹರ್ಮೀನ ಕೋಟಿನ ಮರೆಯಲ್ಲೇ ಬೆರಳಾಡಿಸುತ್ತಿದ್ದಳು.

ಮಗಳಿಗೆ ಅವಳು ಕಲಿಸಿದ್ದ ಪಾಠ ಇನ್ನೊಂದಿತ್ತು. "ಯಾವತ್ತಾದ್ರೂ ನಾನು ಸೇತುವೆ ಮೇಲೆ ಕಾಣದಿದ್ರೆ ಅಳಬೇಡ. ನನ್ನ ಹೆಸರು ಹೇಳಬೇಡ. ಅಪ್ಪನ ಮನೇಲಿರ್ತೀನಿ ಅನ್ನು. ಎಲ್ಫ್ರೀದ ದೊಡ್ಡಮ್ಮ ಬರೋವರೆಗೂ ಬಾಯಿ ಬಿಡಬೇಡ."

ಎಲ್ಫ್ರೀದ ಅವರ ಚರ್ಚಿನ ಸಭೆಯ ಹಿರಿಯಳು. ಆ ವಸಂತದಲ್ಲಿ, ಭಾನುವಾರದ ಆರಾಧನೆ ಮುಗಿದ ಮೇಲೆ ಹರ್ಮೀನಳನ್ನು ಮೂಲೆಗೆಳೆದಳು.

"ಲೇ, ಲಕ್ಸೆಂಬರ್ಗಿನ ದೊಡ್ಡ ಕೋರ್ಟು ತೀರ್ಪು ಕೊಟ್ಟಿದೆಯಂತೆ. ನಿನ್ನಂಥ ತಾಯಂದಿರ ವಿಷಯದಲ್ಲೇ."

"ಲಕ್ಸೆಂಬರ್ಗಿನೋರಿಗೆ ನಾನ್ಯಾರಕ್ಕ? ಆ ಕಡೆ ತಲೆಯೆತ್ತಿ ನೋಡಿದೋಳೂ ಅಲ್ಲ."

"ನೀನು ಯಾವ ಕಡೆ ತಲೆ ಎತ್ತಿದ್ದೀಯ, ಹೇಳು! ನಡಿ, ವಕೀಲರ ಹತ್ರ ಹೋಗೋಣ."

ವಕೀಲೆ ಆನ್ನಲೋಟ್ ಅವಸರವಿಲ್ಲದೆ ಬಿಡಿಸಿ ಹೇಳಿದರು. "ಇಷ್ಟು ದಿನ ಇಲ್ಲಿನೋರು, ಅಪ್ಪ ಇದಾನಲ್ಲ, ಅವನು ನೋಡ್ಕೊಳ್ಳಲಿ, ತಾಯಿ ಹೋಗ್ಲಿ ಅಂತಿದ್ರು. ಆದ್ರೆ ಯುರೋಪಿನ ದೇಶಗಳು ಕೂಡಿ ಒಪ್ಪಂದ ಮಾಡ್ಕೊಂಡಿವೆ. ನಿಮ್ಮ ಮಗಳು ಈ ದೇಶದ ಪ್ರಜೆ ಅಷ್ಟೇ ಅಲ್ಲ, ಇಡೀ ಒಕ್ಕೂಟದ ಪ್ರಜೆ. ತಾಯೀನ ಅಟ್ಟಿದ್ರೆ ಮಗೂನೂ ಬೆನ್ನಿಗೆ ಹೋಗಬೇಕಾಗುತ್ತೆ. ಆಗ ಇಲ್ಲಿ ಬಾಳೋ ಅವಳ ಹಕ್ಕು ಇದ್ದೇನು ಬಂತು? ಇಲ್ಲಿನ ಜಡ್ಜುಗಳೇ ಅನುಮಾನ ಬಂದು ಲಕ್ಸೆಂಬರ್ಗಿನಲ್ಲಿರೋ ಒಕ್ಕೂಟದ ಕೋರ್ಟನ್ನ ಕೇಳಿದ್ರು. ಅಪ್ಪ ಇದಾನೆ ಅನ್ನೋದೊಂದೇ ಸಾಲದು, ಮಗು ಯಾರನ್ನ ನೆಚ್ಕೊಂಡಿದೆ ನೋಡಿ ಅಂತ ಉತ್ತರ ಬಂತು."

"ಇಲ್ಲಿನ ಸರ್ಕಾರ ಒಪ್ಪದಿದ್ರೆ?"

"ಒಪ್ಪದೆ ವಿಧಿ ಇಲ್ಲ. ಈ ವಿಷಯದಲ್ಲಿ ಅಲ್ಲಿನ ಮಾತೇ ಮೇಲು. ಆದ್ರೆ ಮಗು ನಿಮ್ಮನ್ನೇ ನೆಚ್ಚಿದೆ ಅಂತ ಮೊದಲು ನೀವು ತೋರಿಸ್ಬೇಕು. ಯಾರು ಹೇಳ್ತಾರೆ?"

ಮಗುವಿನ ಬದುಕಿನಿಂದ ತನ್ನ ಗುರುತನ್ನು ಹರ್ಮೀನಳೇ ಒರಸುತ್ತ ಬಂದಿದ್ದಳು. ಇಷ್ಟು ವರ್ಷ ಮರೆಯಾಗಿದ್ದುದೇ ಈಗ ಅವಳಿಗೆ ಎದುರಾಗಿ ನಿಂತಿತ್ತು.

"ಅರ್ಜಿ ಹಾಕಿದ್ರೆ ನಾನಿರೋ ಜಾಗ ಅವರಿಗೆ ಗೊತ್ತಾಗುತ್ತಲ್ವ, ಮೇಡಂ?"

"ಗೊತ್ತಾಗುತ್ತೆ."

"ಸೋತ್ರೆ?"

ಆನ್ನಲೋಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಳ್ಳು ಹೇಳಲ್ಲ. ಸೋತ್ರೆ ಕಳಿಸಿಬಿಡಬಹುದು."

ಆಮೇಲೆ ಹರ್ಮೀನಳಿಗೆ ಊಟ ರುಚಿಸಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಒಲೆ ಆರಿಸಿ ಉಸಿರು ಹಿಡಿಯುತ್ತಿದ್ದಳು. ಅವಳನ್ನು ನೋಡಿ ನಾವೋಮಿಯೂ ಚಮಚ ಕೆಳಗಿಟ್ಟು ಉಸಿರು ಹಿಡಿಯುತ್ತಿದ್ದಳು. ತನ್ನ ಪರ ಸಾಕ್ಷಿ ಹೇಳಿ ಎಂದು ಕೇಳಲು ಇದ್ದ ಜಾಗ ಶಾಲೆ ಒಂದೇ. ಕೇಳುವುದೆಂದರೆ ಬಯಲಿಗೆ ಬೀಳುವುದು. ಕಡೆಗೊಂದು ಮಧ್ಯಾಹ್ನ, "ಕರ್ತನೇ, ಕಾಲು ನಡುಗಿದ್ರೂ ಹಿಂದಕ್ಕೆ ತಿರುಗದ ಹಾಗೆ ಮಾಡು" ಎಂದು ಬೇಡಿಕೊಳ್ಳುತ್ತ ಹರ್ಮೀನ ಗೇಟು ದಾಟಿದಳು.

ನಾವೋಮಿಯ ಟೀಚರ್ ಮಾರ್ಲೌಸ್ ಅಂಗಳದಲ್ಲೇ ಸಿಕ್ಕರು. "ಅಯ್ಯೋ, ಸೇತುವೆ ಅಮ್ಮ! ಬನ್ನಿ, ಬನ್ನಿ."

ಹರ್ಮೀನ ಅರ್ಧ ಹೆಜ್ಜೆ ಹಿಂದೆ ಸರಿದಳು. "ನಿಮಗೆ... ನಾನು ಗೊತ್ತಾ?"

"ಗೊತ್ತಿಲ್ದೆ ಏನು? ನಿಮ್ಮ ಮಗಳು ಕೈಬೀಸಿ ಮುಗಿಸೋವರೆಗೂ ನಾನು ಪಾಠ ಶುರು ಮಾಡಲ್ಲ. ಹುಟ್ಟುಹಬ್ಬಕ್ಕೆ ನೀವು ಕಳಿಸೋ ಮರಗೆಣಸಿನ ಬೋಯೋ ಕೇಕಿಗೆ ಟೀಚರುಗಳಲ್ಲೇ ಜಗಳ!"

ಸಂತೋಷ ಹತ್ತಿರವೂ ಸುಳಿಯಲಿಲ್ಲ. ಇಷ್ಟು ದಿನವೂ ಕಣ್ಣಿಗೆ ಬೀಳುತ್ತಲೇ ಇದ್ದೆನೇ ಎಂದು ಅವಳಿಗೆ ದಿಗಿಲಾಯಿತು. "ಯಾರಿಗಾದ್ರೂ ಹೇಳಿದ್ರಾ, ಟೀಚರ್?"

"ಯಾರಿಗೆ ಹೇಳಲಿ? ನಿಮಗೆ ನಾಚಿಕೆ ಜಾಸ್ತಿ ಅಂದ್ಕೊಂಡಿದ್ದೆ."

ಹರ್ಮೀನ ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

ಅರ್ಜಿ ಹಾಕಿದ ಮೇಲೆ, ವಿಚಾರಣೆಯ ದಿನ ಮಾರ್ಲೌಸ್ ಟೀಚರ್ ಕಂಡದ್ದನ್ನು ಕಂಡಂತೆ ನುಡಿದರು. ರೂಬೆನ್ ಟೋಪಿ ಹಿಂಡುತ್ತ, "ಸಾರ್, ನಾನು ಭಾನುವಾರದ ಅಪ್ಪ. ಮಗೂಗೆ ಜಡೆ ಹಾಕೋಕೂ ಬರಲ್ಲ" ಎಂದ. ವಲಸೆ ಇಲಾಖೆಯ ಅಧಿಕಾರಿ ಮುಖದಲ್ಲಿ ಏನನ್ನೂ ತೋರಗೊಡದೆ ಎಲ್ಲವನ್ನೂ ಬರೆದುಕೊಂಡ. ಬೇಸಿಗೆಯುದ್ದಕ್ಕೂ ಹರ್ಮೀನ ಕಟ್ಟಿಟ್ಟ ಒಂದು ಚೀಲವನ್ನು ಬಾಗಿಲ ಹಿಂದೆ ಇಟ್ಟುಕೊಂಡೇ ಬದುಕಿದಳು.

ಎಲೆ ಉದುರುವ ಕಾಲಕ್ಕೆ ಆನ್ನಲೋಟ್ ಫೋನು ಮಾಡಿದರು. ಪರವಾನಗಿ ಸಿಕ್ಕಿತ್ತು.

ಮಾರನೆಯ ಬೆಳಿಗ್ಗೆ ಮಗಳನ್ನು ಒಳಗೆ ಕಳಿಸಿ ಹರ್ಮೀನ ಎಂದಿನಂತೆ ಸೇತುವೆಯ ಮೇಲೆ ನಿಂತಳು. ಇಲ್ಯಾಕೆ ನಿಂತಿದ್ದೇನೆ ಎನಿಸಿತು. ಗೇಟು ದಾಟಿ, ಮಿಕ್ಕ ತಾಯಂದಿರ ನಡುವೆ ನುಸುಳಿ, ಕಿಟಕಿಯ ಬುಡದಲ್ಲೇ ಹೋಗಿ ನಿಂತಳು.

ನಾವೋಮಿ ಕಿಟಕಿಗೆ ಬಂದಳು. ಸೇತುವೆಯತ್ತ ನೋಡಿದಳು. ಸೇತುವೆ ಖಾಲಿಯಿತ್ತು. ಎತ್ತಿದ ಕೈ ಹಾಗೇ ಇಳಿಯಿತು. ಅಳಲಿಲ್ಲ. ತುಟಿ ಬಿಗಿದುಕೊಂಡು, ಕಲಿಸಿದಂತೆಯೇ, ಸದ್ದಿಲ್ಲದೆ ಹಿಂದಕ್ಕೆ ಸರಿಯತೊಡಗಿದಳು.

ಹರ್ಮೀನ ಎರಡೂ ಕೈಯಿಂದ ಗಾಜು ಬಡಿದಳು. ಆ ಬೀದಿಯಲ್ಲಿ ಎಂದೂ ದನಿಯೆತ್ತದವಳು ಕೂಗಿದಳು.

"ನಾವೋಮಿ! ಕೆಳಗೆ ನೋಡೇ! ಇಲ್ಲಿದೀನಿ ಕಂದ, ಅಮ್ಮ ಇಲ್ಲೇ ಇದೀನಿ!"